ಹೋಮ್ಲಿ ಎಂಬ ಬೈಗುಳ

ಸಿಟ್ಟು ನಮ್ಮ ಮನೆತನದ ಆಸ್ತಿ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು, ಸಿಟ್ಟು ಮಾತ್ರ ಇಡಿಯಾಗಿ ನನ್ನ ಪಾಲಿಗೆ ಬಂತು. ಸಾಲದ್ದಕ್ಕೆ ನಾನು ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಸಿಟ್ಟಿಗೆ ವ್ಯಾಕರಣವೂ ಕೂಡಿದರೆ ಎದುರಿಗೆ ಯಾರೂ ನಿಲ್ಲುವುದಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆ, ನನ್ನ ತಂಗಿ ಶಾಂತಾಳನ್ನು ನೋಡಲು ತಾಳಿಕೋಟೆಯಿಂದ ಗಂಡಿನವರು ಬಂದಿದ್ದರು. ಹುಡುಗನ ಸೋದರಮಾವ ಅರಿವೆ ಅಂಗಡಿಯ ಸಾಹುಕಾರರು. ಅವಲಕ್ಕಿ ತಿಂದು, ಚಹಾ ಕುಡಿದು, ಹೊರಡುವಾಗ ನನ್ನ ಕೈ ಹಿಡಿದು, "ಹುಡುಗಿ ಭಾಳ ಹೋಮ್ಲಿ ಅದಾಳ್ರಿ ಮಾಸ್ತರ" ಎಂದರು.

ಬೇರೆಯವರ ಬಾಯಲ್ಲಿ ಇಂಗ್ಲಿಷ್ ಕೇಳಿದರೆ ಡಿಕ್ಷನರಿ ತೆಗೆಯದೆ ನನಗೆ ಅನ್ನ ಸೇರುವುದಿಲ್ಲ. ತೆಗೆದೆ. 'ಹೋಮ್' ಅಂದರೆ ಮನೆ, ಅದರಿಂದ ಹುಟ್ಟಿದ ವಿಶೇಷಣ. ಮೊದಲ ಅರ್ಥ, ಮನೆಗೆ ಒಪ್ಪುವ, ಸರಳವಾದ. ಕೆಳಗೆ ಇನ್ನೊಂದಿತ್ತು: ಅಮೆರಿಕದಲ್ಲಿ, ರೂಪವಿಲ್ಲದ. ಮನೆಯೊಳಗಿನ ಸರಳತೆ ಹಡಗು ಹತ್ತಿ ಅಮೆರಿಕ ಮುಟ್ಟುವಷ್ಟರಲ್ಲಿ ಕುರೂಪವಾಗಿತ್ತು! ನನ್ನ ನೆತ್ತಿ ಉರಿಯಿತು. ನಮ್ಮ ಅವಲಕ್ಕಿ ತಿಂದು ನಮ್ಮ ಹುಡುಗಿಯನ್ನೇ ಕುರೂಪಿ ಅನ್ನುವುದೇ?

ಮರುದಿನ ಶಾಲೆಗೆ ರಜೆ ಹಾಕಿ, ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ತಾಳಿಕೋಟೆ ಮುಟ್ಟಿದೆ. ದಾರಿಯಲ್ಲಿ ಪಕ್ಕ ಕೂತಿದ್ದ ಮುದುಕ ನನ್ನ ಮುಖ ನೋಡಿ ಎದ್ದು ಹಿಂದಿನ ಸೀಟಿಗೆ ಹೋದ. ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಸಾಹುಕಾರರಿಗೆ ಆ ಶಬ್ದದ ಅರ್ಥ, ಹುಟ್ಟು, ಪ್ರಯೋಗ ಎಲ್ಲವನ್ನೂ ಒದರಿದೆ. ಅವರು ಅಳೆಯುತ್ತಿದ್ದ ಖಣವನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದರು.

"ನಾ ಅಮೆರಿಕಾ ನೋಡಿಲ್ರಿ ಮಾಸ್ತರ. ಮನಿಗೆ ಒಪ್ಪು ಹುಡುಗಿ ಅಂದೆ. ನಾಳೆ ಒಪ್ಪಿಗಿ ಹೇಳಾಕ ಬರವರಿದ್ವಿ. ನಿಮ್ಮ ಸಿಟ್ಟು ನೋಡಿ ಈಗ ವಿಚಾರ ಮಾಡೂಹಂಗ ಆತು."

ಪುಣ್ಯಕ್ಕೆ ಹುಡುಗ ಒಳಗಿನಿಂದ ಬಂದು, ಸಿಟ್ಟು ಅಣ್ಣನದು, ಲಗ್ನ ಆಗುವುದು ತಂಗಿಯನ್ನು ಎಂದು ಮಾವನಿಗೆ ಸಮಾಧಾನ ಹೇಳಿದ. ಸಂಬಂಧ ಉಳಿಯಿತು. ನನಗೆ ಊಟವನ್ನೂ ಹಾಕಿಸಿ ಕಳಿಸಿದರು.

ಮನೆಗೆ ಬಂದು ಶಾಂತಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗಾಗಿ ಜಗಳಕ್ಕೆ ಹೋದ ಅಣ್ಣನನ್ನು ಮೆಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ರೊಟ್ಟಿಯ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಎರಡು ಅರ್ಥ ಇದ್ವಲ್ಲ ಅಣ್ಣಾ. ಒಂದ ಸಲ ನೋಡಿದವ್ರು ಮೊದಲನೇದು ಅಂದ್ರು. ಹುಟ್ಟಿದಾಗಿಂದ ನನ್ನ ನೋಡಿದ ನಿನಗ ಎರಡನೇದು ಹೆಂಗ ಖರೆ ಅನಿಸ್ತು?"

ನಾನು ಅಂಗಳಕ್ಕೆ ಹೋಗಿ ನಿಂತೆ. ಸಿಟ್ಟೇನೋ ಜೋರಾಗಿಯೇ ಬಂದಿತ್ತು. ಆದರೆ ಬಯ್ಯೋಣವೆಂದರೆ ಅಲ್ಲಿ ನಾನೊಬ್ಬನೇ ಇದ್ದೆ.