ನಾದಿನಿ ಬಿಟ್ಟ ಖಾಲಿ ಸುತ್ತು

ಮಕ್ಕಳೇ, ದೇವರು ಎದುರಿಗೆ ಬಂದು ವರ ಕೇಳು ಅಂದರೂ, 'ನೀವು ದೇವರೇ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊಡಿ' ಅನ್ನುವ ಹೆಂಗಸೊಬ್ಬಳು ನಮ್ಮ ಮನೆಯಲ್ಲಿದ್ದಾಳೆ! ನನ್ನ ನಾದಿನಿ, ನಿಮ್ಮ ಅಜ್ಜನ ತಂಗಿ, ನಿಮ್ಮ ಅಮ್ಮನ ಸೋದರತ್ತೆ. ಹೆಸರು ಬರೆದರೆ ನನ್ನನ್ನೇ ವಿಚಾರಣೆಗೆ ಕೂರಿಸುತ್ತಾಳೆ, ಬೇಡ.

ಒಮ್ಮೆ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಕೂಡ್ಲಿಗಿ ಬೋರ್ಡಿನ ಬಸ್ಸು ನಿಂತಿತ್ತು. ಕಂಡಕ್ಟರ್ ಚಹಾಕ್ಕೆ ಹೋಗಿದ್ದ. ಇವಳು ಶೇಂಗಾ ಮಾರುವವಳನ್ನು, ಒಬ್ಬ ಮುದುಕನನ್ನು, ಒಬ್ಬ ಮೇಷ್ಟರನ್ನು ಕೇಳಿದಳು. ಮೂವರೂ ಕೂಡ್ಲಿಗಿ ಅಂದರು.

"ಇನ್ನರ ಹತ್ತವಾ," ಅಂದೆ.

"ತಡೀರಿ ಅತ್ತಿಗಿ. ಮೂರು ಮಂದೀನೂ ಅದ ಬೋರ್ಡ್ ನೋಡಿ ಹೇಳ್ಯಾರ. ಅದು ಮೂರು ಸಾಕ್ಷಿ ಅಲ್ಲ, ಒಂದ."

ಬಸ್ಸು ಹೋಯಿತು. ಅದು ಕೂಡ್ಲಿಗಿಗೇ ಹೋಯಿತು ಅನ್ನುವುದನ್ನು ಅವಳು ಇವತ್ತಿಗೂ ಪೂರ್ತಿ ಒಪ್ಪಿಲ್ಲ!

ದೊಡ್ಡ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ತಾಯಿತಂದೆಯಿಂದ ಮಕ್ಕಳ ರಕ್ತಕ್ಕೆ ಒಂದು ಬರಹ ಇಳಿದು ಬರುತ್ತದಂತೆ, ಜೀನು ಅನ್ನುತ್ತಾರೆ. ಯಂತ್ರ ಅದನ್ನು ಓದಿ, ಇಲ್ಲೊಂದು ಅಕ್ಷರ ಬೇರೆ ಇದೆ ಅನ್ನುತ್ತದೆ. ರೋಗ ಬಂದದ್ದು ಆ ಅಕ್ಷರದಿಂದಲೋ, ಅಥವಾ ಅದು ಗಲ್ಲದ ಮಚ್ಚೆಯ ಹಾಗೆ ಸುಮ್ಮನೆ ಇದೆಯೋ ಎಂದು ತೀರ್ಮಾನಿಸುವವಳು ಇವಳು. ಎಷ್ಟೋ ಸಲ ಬರುವ ತೀರ್ಮಾನ ಏನು? 'ಗೊತ್ತಿಲ್ಲ!'

"ಗೊತ್ತಿಲ್ಲ ಅನ್ನಾಕ ಸಂಬಳ ಕೊಡ್ತಾರೇನವಾ?" ಅಂತ ನನ್ನ ಅಣ್ಣ ಕೇಳಿದ. "ನನ್ನೂ ಕರಕೊಂಡು ಹೋಗು. ನಾನು ಇನ್ನೂ ಜೋರಾಗಿ ಅಂತೀನಿ."

ನನ್ನ ಮಜ್ಜಿಗೆಗೂ ಅದೇ ಗತಿ. "ಹುಳಿ ಆಗಿರಬಹುದು. ಇನ್ನೊಂದು ಲೋಟ ಕೊಡ್ರಿ, ನೋಡೋಣು." ಗಡಿಗೆ ಖಾಲಿಯಾದರೂ ತೀರ್ಪು ಬರಲಿಲ್ಲ!

ನಿಮ್ಮ ದೊಡ್ಡಕ್ಕ ಹುಟ್ಟಿ ವರ್ಷ ಕಳೆದರೂ, ಹಿಂದೆ ತಟ್ಟೆ ಬಿದ್ದರೆ ತಿರುಗಿ ನೋಡುತ್ತಿರಲಿಲ್ಲ. ಕಿವಿ ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಓಣಿಯವರು ನಿಮ್ಮ ಅಮ್ಮನನ್ನೇ ದೂರಿದರು. "ಬಸುರ್ಯಾಗ ಗ್ರಹಣದ ಹೊತ್ನ್ಯಾಗ ಹೊರಗ ಬಂದಿದ್ಲು, ನಾನ ನೋಡೀನಿ." ಬಂದಿದ್ದಳು, ನಿಜ. ಒಣಹಾಕಿದ ಸೀರೆ ತರುವುದಕ್ಕೆ. ಅಂದಿನಿಂದ ಅವಳು ಮಗುವನ್ನು ಎತ್ತಿಕೊಂಡು ಬೀದಿಗಿಳಿಯುವುದನ್ನೇ ಬಿಟ್ಟಳು.

ನಾದಿನಿ ಮಗುವಿನ ರಕ್ತ, ನಿಮ್ಮ ಅಪ್ಪ ಅಮ್ಮನ ರಕ್ತ ಒಯ್ದಳು. ನಿಮ್ಮ ಅಮ್ಮ ನನ್ನ ಮಗಳು, ಅಪ್ಪ ನನ್ನ ಅಣ್ಣನ ಮಗನಲ್ಲವೇ? ಇಬ್ಬರಲ್ಲೂ ಅದೇ ಬೇರೆ ಅಕ್ಷರ ಒಂಟಿಯಾಗಿ ಸಿಕ್ಕಿತು, ಮಗುವಿನಲ್ಲಿ ಅದು ಇಬ್ಬರಿಂದಲೂ ಬಂದು ಜೋಡಿಯಾಗಿತ್ತು. ಆದರೆ ಅದನ್ನು ಹಿಂದೆ ಯಾರೂ ಕಂಡಿರಲಿಲ್ಲ. ಮತ್ತೆ 'ಗೊತ್ತಿಲ್ಲ!'

ಸಾಕ್ಷಿ ಹುಡುಕುತ್ತ, ನಮ್ಮ ವಂಶಾವಳಿ ಬರೆಯಲು ದೊಡ್ಡ ಹಾಳೆ ಹಿಡಿದು ಬಂದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಹಡಗಲಿಯ ನೆಂಟನೊಬ್ಬ, "ಯಾರ ಹೊಲ ಯಾರಿಗೆ ಬರೀತೀಯವಾ?" ಅಂತ ಪಹಣಿ ಬಚ್ಚಿಟ್ಟ!

ಕೊನೆಗೆ ನನ್ನ ಸರದಿ. "ಅತ್ತಿಗಿ, ನಿಮ್ಮ ತವರಾಗ ಕಿವಿ ಕೇಳದವ್ರು ಯಾರರ ಅದಾರೇನು?"

"ಯಾರೂ ಇಲ್ಲವಾ."

ಆ ಬಸ್ಸನ್ನು ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಹಾಳೆಯಲ್ಲಿ ನನ್ನ ತಾಯಿಯ ಸುತ್ತಿನ ಪಕ್ಕದಲ್ಲಿ ಒಂದು ಖಾಲಿ ಸುತ್ತು ಬರೆದಳು.

"ಇದ್ಯಾರು?"

"ನನಗೇನು ಗೊತ್ರಿ? ನಿಮಗ ನೆನಪಾದಾಗ ಹೇಳ್ರಿ."

ನಾನು ಸುಳ್ಳು ಹೇಳಿದ್ದೆ, ನನಗಾಗಿ ಅಣ್ಣನೂ ಬಾಯಿ ಬಿಟ್ಟಿರಲಿಲ್ಲ. ನಾನು ಬೆಳೆದ ಗುಡೇಕೋಟೆಯ ಅಜ್ಜಿಯ ಮನೆಯಲ್ಲಿ ನನ್ನ ತಾಯಿಯ ತಂಗಿ ಇದ್ದಳು, ಹುಟ್ಟಾ ಕಿವುಡಿ. ಹೆಣ್ಣು ನೋಡಲು ಯಾರಾದರೂ ಬಂದರೆ ಅವಳನ್ನು ಹಿತ್ತಲಿಗೆ ಕಳಿಸಿ ಬಾಗಿಲು ಹಾಕುವುದು ನಮ್ಮ ವಾಡಿಕೆ. ನನ್ನನ್ನು ನೋಡಲು ಬಂದ ದಿನವೂ ಹಾಕಿದ್ದರು. ಬಂದವರಲ್ಲಿ ಲಂಗ ತೊಟ್ಟ ಈ ನಾದಿನಿಯೂ ಇದ್ದಳು, ಹಿತ್ತಲಿಗೆ ಇಣುಕಿದ್ದಳೋ ಏನೋ! ಗಂಡ ಸತ್ತ ಮೇಲೂ ಗಂಡನ ಮನೆಯವರಿಗೆ ಮೋಸ ಗೊತ್ತಾದೀತೆಂಬ ಭಯ ಹೋಗುತ್ತದೆಯೇ?

ಒಂದು ದಿನ ಪಕ್ಕದ ಮನೆಯವಳು ಮತ್ತೆ ಗ್ರಹಣದ ಮಾತು ತೆಗೆದಳು. ನಿಮ್ಮ ಅಮ್ಮ ಜಗಳಕ್ಕೆ ನಿಲ್ಲಲಿಲ್ಲ. "ಹೌದ್ರಿ, ನಂದ ತಪ್ಪು," ಅಂದಳು. ಅದನ್ನು ಕೇಳಿ ನನಗೆ ಅನ್ನ ಸೇರಲಿಲ್ಲ. ಬಾಯಲ್ಲಿ ಹೇಳಲಾರದೆ ಇನ್‌ಲ್ಯಾಂಡ್ ಪತ್ರದಲ್ಲಿ ಎಲ್ಲ ಬರೆದು ನಾದಿನಿಗೆ ಹಾಕಿದೆ.

ಆ ಭಾನುವಾರವೇ ನಾದಿನಿ ಬಂದಳು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ. ನನ್ನನ್ನು ಕರೆದುಕೊಂಡು ಗುಡೇಕೋಟೆಗೆ ಹೋಗಿ, ಚಿಕ್ಕಮ್ಮನ ಎದುರು ನೆಲದ ಮೇಲೆ ಕೂತು, ಸೂಜಿ ತೋರಿಸಿದಳು, ಮಗುವಿನ ಫೋಟೋ ತೋರಿಸಿದಳು. ಚಿಕ್ಕಮ್ಮ ಫೋಟೋವನ್ನು ಬಹಳ ಹೊತ್ತು ನೋಡಿ, ತನ್ನ ಕಿವಿ ಮುಟ್ಟಿಕೊಂಡು, ಮಗುವಿನ ಕಿವಿ ಮುಟ್ಟಿ, ತೋಳು ಚಾಚಿದಳು.

ಎರಡು ತಿಂಗಳು ಬಿಟ್ಟು ನಾದಿನಿ ಮತ್ತೆ ಬಂದಳು, ಗುಡೇಕೋಟೆಗೆ ಹೋಗಿ ಚಿಕ್ಕಮ್ಮನನ್ನೂ ಜೊತೆಗೆ ಕರೆದುಕೊಂಡು. ಚಿಕ್ಕಮ್ಮನಲ್ಲೂ ಅದೇ ಅಕ್ಷರ, ಜೋಡಿಯಾಗಿ. ಬೇರೆ ರಾಜ್ಯದ ಲ್ಯಾಬಿನವರಿಗೂ ಕಿವಿ ಕೇಳದ ಒಂದು ಮಗುವಿನಲ್ಲಿ ಅದು ಸಿಕ್ಕಿತ್ತಂತೆ.

ನಿಮ್ಮ ಅಮ್ಮನ ಕೈ ಹಿಡಿದು ಹೇಳಿದಳು. "ಕೂಸಿಗೆ ಇದು ನಿಮ್ಮಿಬ್ಬರಿಂದ ಬಂದೈತಿ. ನೀವು ಹುಟ್ಟೂಕಿಂತ ಮುಂಚೆನ ಮನಿತನದಾಗ ಇತ್ತು. ಗ್ರಹಣಕ್ಕೂ ಇದಕ್ಕೂ ಸಂಬಂಧಿಲ್ಲ. ನಿನ್ನ ತಪ್ಪು ಒಂಚೂರೂ ಇಲ್ಲ."

"ಖರೇನ ಅತ್ತಿ?"

"ಖರೇನ."

ನಿಮ್ಮ ಅಮ್ಮ ಬಹಳ ಹೊತ್ತು ಅತ್ತಳು. ಸಂಜೆ ಮಗುವಿಗೆ ತಲೆ ಬಾಚಿ, ಸೊಂಟದ ಮೇಲೆ ಕೂರಿಸಿಕೊಂಡು ಬಜಾರಿನ ನಡುವೆಯೇ ನಡೆದಳು. ಹಿಂದೆ ನಾನು, ಚಿಕ್ಕಮ್ಮನ ಕೈ ಹಿಡಿದು. ಬಳೆ ಅಂಗಡಿಯವಳು, "ಯಾರ್ರೀ ಇವ್ರು?" ಅಂದಳು.

"ನಮ್ಮ ಸಣ್ಣವ್ವ," ಅಂದೆ, ಎದುರಿನ ಅಂಗಡಿಗೂ ಕೇಳುವ ಹಾಗೆ.