ಎಚ್ಚರಿಕೆಯ ಅಕ್ಷರಗಳೊಳಗೆ ಅಧಿಕಾರಿಗಳನ್ನು ತುಂಬಿದ ಬಗ್ಗೆ

ಕಾಲುವೆಯ ಮೇಲಿನ ಮರದ ಸೇತುವೆ ನಟ್ಟನಡುವೆ ಮುರಿದಿರುವುದನ್ನು ನಮ್ಮ ಕಚೇರಿ ಸಕಾಲದಲ್ಲಿ ಗಮನಿಸಿ ಸೂಕ್ತ ಕ್ರಮ ಕೈಗೊಂಡಿತು. ಸೂಕ್ತ ಕ್ರಮವೆಂದರೆ ಬೋರ್ಡು. ಹೊಸ ಹಲಗೆ ಹಾಕಿಸುವುದು ಬೇರೆ ವಿಭಾಗದ ಕೆಲಸ, ಆ ವಿಭಾಗ ಇನ್ನೂ ಸ್ಥಾಪನೆಯಾಗಿಲ್ಲ.

ಬೋರ್ಡಿನ ಹೊಣೆ ನನ್ನ ಪಕ್ಕದ ಮೇಜಿನ ಡಿಸೈನರ್ ಮೇಲೆ ಬಿತ್ತು. ಇದರಲ್ಲಿ ಅವನಿಗೆ ಸ್ವಂತ ಹಿತಾಸಕ್ತಿ ಇತ್ತೆಂಬುದನ್ನು ಮುಚ್ಚಿಡುವ ಹಾಗಿಲ್ಲ. ಅವನ ಅಕ್ಕ ಕಾಲುವೆಯಾಚೆಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಸೇತುವೆ ಮುರಿದಾಗಿನಿಂದ ಮಂಡಿನೋವು ಹೊತ್ತುಕೊಂಡು ಊರೆಲ್ಲ ಸುತ್ತಿ ಹೋಗುತ್ತಿದ್ದಳು. "ರಿಪೇರಿ ಯಾವಾಗ ಮಾಡ್ತೀರೋ?" ಎಂದು ದಿನಾ ತಮ್ಮನ ಪ್ರಾಣ ತಿನ್ನುತ್ತಿದ್ದಳಂತೆ.

ಚಹಾ ತಣ್ಣಗಾಗುವಷ್ಟರಲ್ಲಿ ಅವನು 'ಸೇತುವೆ ಮುರಿದಿದೆ, ದಾಟಬೇಡಿ' ಎಂದು ಬಿಳಿಯ ಮೇಲೆ ಕೆಂಪಕ್ಷರದಲ್ಲಿ ಬರೆದು ಮುಗಿಸಿದ. ಬೀದಿಯ ಆ ತುದಿಯಿಂದಲೂ ಓದಬಹುದಿತ್ತು. ಓದಲು ಬರುವುದೊಂದೇ ಬೋರ್ಡಿನ ಅರ್ಹತೆಯಲ್ಲವೆಂದು ಮುಖ್ಯಾಧಿಕಾರಿಗಳು ಅಭಿಪ್ರಾಯಪಟ್ಟರು.

"ಏನ್ರೀ ಇದು, ಬೋಳು ಬೋಳಾಗಿದೆ? ಈಗೆಲ್ಲ ಅಕ್ಷರದ ಒಳಗೇ ಚಿತ್ರ ಇರುತ್ತಲ್ರೀ."

"ಮಾಡಬಹುದು ಸರ್. ಕಂಪ್ಯೂಟರಲ್ಲಿ ಅಕ್ಷರದ ಮೇಲೆ ಫೋಟೋ ಇಟ್ಟು ಕ್ಲಿಪ್ಪಿಂಗ್ ಮಾಸ್ಕ್ ಕೊಟ್ರೆ ಆಯ್ತು. ಅಕ್ಷರದಿಂದ ಆಚೆ ಇರೋದೆಲ್ಲ ಮರೆಯಾಗುತ್ತೆ, ಒಳಗಿರೋದು ಮಾತ್ರ ಕಾಣುತ್ತೆ."

ಅವನು ಮುರಿದ ಸೇತುವೆಯ ಫೋಟೋವನ್ನೇ ಅಕ್ಷರಗಳಿಗೆ ತುಂಬಿ ತೋರಿಸಿದ. ಮುಖ್ಯಾಧಿಕಾರಿಗಳು ಬೆವರಿದರು.

"ಅಯ್ಯೋ, ಸೇತುವೆ ಮುರಿದಿದೆ ಅಂತ ಎಲ್ಲರಿಗೂ ಗೊತ್ತಾಗಿಬಿಡಲ್ವೇನ್ರೀ?"

"ಅದಕ್ಕೇ ಅಲ್ವಾ ಸರ್ ಬೋರ್ಡು?"

"ತಿಳಿಸೋದು ಬೇರೆ, ಕಚೇರಿ ಮಾನ ಹರಾಜು ಹಾಕೋದು ಬೇರೆ. ಜನಕ್ಕೆ ನಂಬಿಕೆ ಬರೋ ಅಂಥ ಚಿತ್ರ ಹಾಕಿ." ಹೀಗೆಂದವರು, ಹುಡುಕುವ ಶ್ರಮ ತಪ್ಪಲೆಂದು ತಮ್ಮದೇ ನಗುಮುಖದ ಫೋಟೋ ಕಳಿಸಿಕೊಟ್ಟರು.

ಮೊದಲ ಅಕ್ಷರದಲ್ಲಿ ಅವರನ್ನು ಕೂರಿಸಲಾಯಿತು. ಆದರೆ ಅಂಚಿಗೆ ಸಿಕ್ಕಿ ಅವರ ಎಡಗಿವಿ ಮಾಯವಾಗಿತ್ತು.

"ನನ್ನ ಕಿವಿ ಕತ್ತರಿಸೋ ಅಧಿಕಾರ ಈ ಅಕ್ಷರಕ್ಕೆ ಕೊಟ್ಟೋರು ಯಾರು?" ಎಂದು ಅವರು ಕೇಳಿದರು. ಕಡತ ತಿರುವಿ ನೋಡಿದಾಗ, ಅಂಥ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಸಂಜೆಯೊಳಗೆ ಸುತ್ತೋಲೆ ಹೊರಟಿತು:

"ಯಾವುದೇ ಅಕ್ಷರವು ಯಾವುದೇ ಅಧಿಕಾರಿಯ ಯಾವುದೇ ಅಂಗವನ್ನು ಮೊಟಕುಗೊಳಿಸತಕ್ಕದ್ದಲ್ಲ. ಸ್ಥಳಾಭಾವ ಉಂಟಾದಲ್ಲಿ ಅಕ್ಷರವೇ ಹಿಗ್ಗತಕ್ಕದ್ದು."

ಸುತ್ತೋಲೆ ಓದಿದ ಮೇಲೆ ಎಲ್ಲರಿಗೂ ತಂತಮ್ಮ ಅಂಗಾಂಗಗಳ ಮೇಲೆ ಮಮತೆ ಹುಟ್ಟಿತು. ಇಂಜಿನಿಯರು ತಮ್ಮ ಫೋಟೋ ಹಿಡಿದು ಬಂದರು, ಅವರ ಹಿಂದೆ ಅವರ ಮೇಲಿನವರು, ಕೆಳಗಿನವರು ಬಂದರು. ಆ ಸೇತುವೆಯನ್ನು ಕಟ್ಟಿದ ಗುತ್ತಿಗೆದಾರರು, "ಕಟ್ಟಿದೋನೇ ಬೋರ್ಡಲ್ಲಿ ಇಲ್ಲ ಅಂದ್ರೆ ಜನ ಏನಂದ್ಕೊಳ್ತಾರೆ?" ಎಂದು ನೊಂದುಕೊಂಡರು. ಅವರ ಹೊಟ್ಟೆಗೆ 'ದಾ' ಸಾಲದೆ ಪಕ್ಕದ 'ಟ'ವನ್ನೂ ಒತ್ತುವರಿ ಮಾಡಿಕೊಡಬೇಕಾಯಿತು. ನಾನು ಬಾಯಿಬಿಟ್ಟು ಕೇಳುವವನಲ್ಲ, ಅಲ್ಪವಿರಾಮದೊಳಗೆ ಸಿಕ್ಕ ಜಾಗಕ್ಕೆ ತೃಪ್ತಿಪಟ್ಟೆ.

ಸುತ್ತೋಲೆಯ ಪ್ರಕಾರ ಅಕ್ಷರಗಳು ಹಿಗ್ಗುತ್ತಾ ಹೋದವು. ನಡುವಿನ ಸಂದುಗಳು ಮುಚ್ಚಿಹೋದವು. ಕೊನೆಗೆ ಉಳಿದದ್ದು ಈ ಅಂಚಿನಿಂದ ಆ ಅಂಚಿನವರೆಗೆ ನಗುವ ಮುಖಗಳು ಮಾತ್ರ.

"ಸರ್, ಒಂದಕ್ಷರಾನೂ ಓದೋಕೆ ಬರ್ತಿಲ್ಲ," ಎಂದ ಡಿಸೈನರ್. "ನಮ್ಮಕ್ಕ ಆ ಕಡೆನೇ ಕೆಲಸಕ್ಕೆ ಹೋಗೋಳು. ದಯವಿಟ್ಟು ಒಂದು ಸಾಲಾದ್ರೂ ಖಾಲಿ ಬಿಡಿ ಸರ್."

"ಓದೋಕೆ ಯಾರಿಗ್ರೀ ಪುರುಸೊತ್ತಿದೆ? ನಮ್ಮ ಮುಖ ನೋಡಿದ್ರೇ ಜನಕ್ಕೆ ಅರ್ಥವಾಗುತ್ತೆ."

ಅರ್ಥವಾಯಿತು. ಇಂಥ ಬೋರ್ಡು ತನ್ನ ಕೈಕೆಲಸವೆಂದು ಹೇಳಲು ನಾಚಿ ಡಿಸೈನರ್ ಮನೆಯಲ್ಲಿ ಬಾಯಿ ಹೊಲಿದುಕೊಂಡಿದ್ದ. ಮಾರನೆಯ ಬೆಳಿಗ್ಗೆ ಅವನ ಅಕ್ಕ ಸೇತುವೆಯ ಬಳಿ ನೆಟ್ಟಿದ್ದ ಬೋರ್ಡನ್ನು ದೂರದಿಂದಲೇ ಕಂಡು, ಸುತ್ತುದಾರಿ ಬಿಟ್ಟು, ಖುಷಿಯಿಂದ ಸೇತುವೆ ಹತ್ತಿದಳು. ನಡುವೆ ಹೋದವಳು ಕಾಲುವೆಗೆ ಬಿದ್ದಳು. ನೀರು ಕಡಿಮೆಯಿದ್ದುದರಿಂದ ಜೀವ ಉಳಿಯಿತು, ನೀರು ಕಡಿಮೆಯಿದ್ದುದರಿಂದಲೇ ಕಾಲು ಮುರಿಯಿತು.

"ಬೋರ್ಡು ನೋಡ್ಲಿಲ್ವೇನೇ ಅಕ್ಕಾ?" ಎಂದು ತಮ್ಮ ಆಸ್ಪತ್ರೆಯಲ್ಲಿ ಅವಳ ಮಂಚ ಹಿಡಿದು ಅತ್ತ.

"ನೋಡಿದ್ದಕ್ಕೇ ಹೋಗಿದ್ದು ಕಣೋ! ಅಷ್ಟು ಜನ ದೊಡ್ಡೋರು ಒಟ್ಟಿಗೆ ಹಲ್ಲು ಬಿಟ್ಕೊಂಡಿದ್ರೆ ಉದ್ಘಾಟನೆ ಆಗಿದೆ ಅಂತ ತಾನೇ?"

ಅವಳ ಪಕ್ಕದ ಮಂಚಗಳಲ್ಲಿ ಹಾಗೆಯೇ ತಿಳಿದುಕೊಂಡ ಇನ್ನೂ ಕೆಲವರಿದ್ದರು. ನನಗೂ ಕರುಳು ಚುರುಕ್ಕೆಂದಿತು. ಆದರೆ ನಮ್ಮ ವರದಿಯ ನಮೂನೆಯಲ್ಲಿ ಅದನ್ನು ಬರೆಯುವ ಜಾಗವಿಲ್ಲ.

ವಿಚಾರಣೆಯನ್ನು ಮುಖ್ಯಾಧಿಕಾರಿಗಳೇ ನಿಷ್ಪಕ್ಷಪಾತವಾಗಿ ನಡೆಸಿದರು. ಕಂಪ್ಯೂಟರಿನಲ್ಲಿ ಫೋಟೋಗಳನ್ನು ತೆಗೆದು, ಅಕ್ಷರಗಳನ್ನು ಮೊದಲಿನ ಅಳತೆಗೆ ತಂದು ನೋಡಿದಾಗ ಎಚ್ಚರಿಕೆಯನ್ನು ಸ್ಪಷ್ಟವಾಗಿ ಓದಬಹುದಿತ್ತು. ಆದ್ದರಿಂದ ನಾಗರಿಕರು ಅಧಿಕಾರಿಗಳನ್ನು ಮನಸ್ಸಿನಲ್ಲೇ ತೆಗೆದುಹಾಕಿ ಓದಿಕೊಳ್ಳತಕ್ಕದ್ದೆಂದು ತೀರ್ಮಾನವಾಯಿತು. ಇನ್ನು ಸಾರ್ವಜನಿಕರು ಒಕ್ಕೊರಲಿನಿಂದ ಸೇತುವೆ ಉದ್ಘಾಟನೆಯಾಗಿದೆ ಎನ್ನುತ್ತಿರುವಾಗ ಅವರ ಭಾವನೆಗೆ ಧಕ್ಕೆ ತರುವುದು ಸರಿಯಲ್ಲವೆಂದು, ಸೇತುವೆಯನ್ನು ದುರಸ್ತಿಯಾದ ಕಾಮಗಾರಿಗಳ ಸಾಲಿಗೆ ಸೇರಿಸಲಾಯಿತು. ಗುತ್ತಿಗೆದಾರರಿಗೆ ದುರಸ್ತಿಯ ಬಿಲ್ಲೂ ಮಂಜೂರಾಯಿತು.

ಉದ್ಘಾಟನೆಯಾದ ಸೇತುವೆಗೆ ಮೊದಲ ಫಲಾನುಭವಿ ಇರಲೇಬೇಕು. ಮುಖ್ಯಾಧಿಕಾರಿಗಳು ಹಣ್ಣಿನ ಬುಟ್ಟಿಯೊಂದಿಗೆ ಆಸ್ಪತ್ರೆಗೆ ಬಂದು, ಅಕ್ಕನ ಫೋಟೋವನ್ನು ಬೋರ್ಡಿನ ಕೊನೆಯ ಅಕ್ಷರದಲ್ಲಿ ತುಂಬಲು ಸ್ಥಳದಲ್ಲೇ ಆದೇಶಿಸಿದರು. ಅಷ್ಟು ದಿನ ಕಚೇರಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಅಕ್ಕ ತಲೆಗೂದಲು ಸರಿಮಾಡಿಕೊಂಡಳು.

"ಪ್ಲಾಸ್ಟರ್ ಕಾಣಬಾರದು ಕಣೋ. ಮುಖ ಮಾತ್ರ ಪೂರ್ತಿ ಬರ್ಲಿ."

ಆಚೆ ಇರುವುದೆಲ್ಲ ಮರೆಯಾಗುವ ಹಾಗೆ ತಮ್ಮ ಮಾಡಿಕೊಟ್ಟ. ಫೋಟೋ ಬಹಳ ಚೆನ್ನಾಗಿ ಬಂದಿದೆ. ಇಷ್ಟು ದಿನ ಅನುಮಾನಿಸುತ್ತಿದ್ದ ಕಾರ್ಖಾನೆಯ ಹೆಂಗಸರು ಈಗ ಬೋರ್ಡಿನೆದುರು ನಿಂತು, "ನಮ್ಮೋಳೇ ದಾಟಿದಾಳೆ ಕಣ್ರೇ" ಎಂದು ಒಬ್ಬರ ಕೈ ಒಬ್ಬರು ಹಿಡಿದು ಸೇತುವೆ ಹತ್ತುತ್ತಿದ್ದಾರೆ. ಆಸ್ಪತ್ರೆಯವರು ಕಾಲುವೆಯ ದಡದಲ್ಲೇ ಒಂದು ಸ್ಟ್ರೆಚರ್ ಇಟ್ಟಿದ್ದಾರೆ. ಅದಕ್ಕೆ ಯಾವ ಬೋರ್ಡೂ ಹಾಕಿಲ್ಲ, ಆದರೂ ಜನ ಅದನ್ನು ಸರಿಯಾಗಿಯೇ ಬಳಸುತ್ತಿದ್ದಾರೆ.