ಕಂಬಳಿ ಹೊದ್ದ ಮೊಸರು

ಗಂಡನ ಗುಣ ಮದುವೆಯಾದ ಮೊದಲ ಸುಗ್ಗಿಗೇ ತಿಳಿಯಿತು. ಮೊಸರಿನ ಗುಣ ತಿಳಿಯುವಷ್ಟರಲ್ಲಿ ತಲೆ ಬೆಳ್ಳಗಾಯಿತು. ನಮ್ಮ ಗುರುಪುರದಲ್ಲಿ ಪುಷ್ಯದ ಚಳಿ ಬಿದ್ದರೆ, ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ಒಮ್ಮೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬಿಸಿಗೋಡೆಗೆ ಕುಡಿಕೆಯನ್ನು ಒತ್ತಿ ಇಟ್ಟೆ. ಹುಳಿ ನೀರಾಯಿತು, ಎಮ್ಮೆಯೂ ಮೂಸಿ ಮುಖ ತಿರುಗಿಸಿತು. ಹೊಸ ಅಳಿಯನಿಗೂ ಇಷ್ಟು ನಾಜೂಕಿಲ್ಲ. ಗೋಡೆಗೆಲ್ಲ ಸೊಳ್ಳೆ ಔಷಧಿ ಹೊಡೆಯುವವರು ಬಂದಾಗ ನಾನು ಮೊದಲು ಹೊರಗೆ ತಂದದ್ದು ಹೆಪ್ಪಿನ ಕುಡಿಕೆಯನ್ನು, ದೇವರ ಪಟ ಆಮೇಲೆ. ಆ ವಾಸನೆಗೆ ಹೆಪ್ಪು ಕೆಟ್ಟೀತು, ದೇವರು ಕೆಮ್ಮಿದ್ದನ್ನು ನಾನು ಕಾಣೆ.

ಈ ಸಲದ ಚಳಿಗೆ ಮೊಮ್ಮಗಳು ಗಿರಿಜೆ ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಳು. ನಾನು ಹೆಪ್ಪಾಗದ ಹಾಲನ್ನು ಬೈಯುತ್ತಿದ್ದೆ. "ಅದ್ರಲ್ಲಿ ಕಣ್ಣಿಗೆ ಕಾಣದ ಜೀವಗಳವೆ ಕಣಜ್ಜಿ. ಎಲ್ಲಾ ಸೇರಿ ಹಾಲನ್ನ ಮೊಸರು ಮಾಡ್ತವೆ. ಚಳಿಗೆ ಮುದುರ್ಕೊಂಡವೆ, ಕಂಬಳಿ ಹೊದ್ಸು" ಅಂದಳು. ಕಾಲೇಜಿನಲ್ಲಿ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಕೊಳವೆಯಲ್ಲಿ ಬಗ್ಗಿ ನೋಡಿ ತಾನೇ ಕಂಡಳಂತೆ. ನಾನು ನಕ್ಕೆ. ಒಲೆಯ ಮುಂದೆ ಕೂತಿದ್ದ ನನ್ನ ಅಕ್ಕ ನಗಲಿಲ್ಲ. ಅಕ್ಕನಿಗೆ ಹಲ್ಲಿಲ್ಲ, ಮೊಸರನ್ನ, ಬೇಯಿಸಿ ಮಸೆದ ಸೊಪ್ಪು ಬಿಟ್ಟರೆ ಬೇರೇನೂ ಸೇರದು. ನಿನ್ನೆಯ ಮೊಸರು ಕಲಸಿದ ತಟ್ಟೆ ಪಕ್ಕಕ್ಕೆ ತಳ್ಳಿ, ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು, "ನಂಗೆ ಬ್ಯಾಡ ಕಣವ್ವ. ಲಿಂಗ ಕಟ್ಕಂಡೋಳು ಜೀವ ಇರೋದ ತಿನ್ನಕಾಯ್ತದಾ?" ಅಂದಳು.

"ಇಷ್ಟ್ ಕಾಲ ತಿಂದ್ಯಲ್ಲ, ಅದ್ಕೇನ್ ಮಾಡ್ತೀಯೆ?" ಅಂದೆ.

"ಗೊತ್ತಿರ್ನಿಲ್ಲ. ಶಿವ ಮನ್ನಿಸ್ತಾನೆ ಬುಡು."

ಗಿರಿಜೆ ಗಾಬರಿಯಾಗಿ, ಜೀವ ಸೊಪ್ಪಿನಲ್ಲೂ ಇದೆ ಎಂದು ಸಮಾಧಾನ ಹೇಳಿದಳು. ಅಕ್ಕ ಸೊಪ್ಪನ್ನೂ ಬಿಟ್ಟಳು. ಹುಡುಗಿ ಬಾಯಿ ತೆರೆದಷ್ಟೂ ಅಕ್ಕನ ತಟ್ಟೆ ಬರಿದಾಗುತ್ತಿತ್ತು. ಉಳಿದದ್ದು ರಾಗಿ ಗಂಜಿ. ಅದು ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮುಖ ಬತ್ತಿತು, ಎದ್ದು ನಿಲ್ಲಲು ಕಂಬ ಹಿಡಿಯತೊಡಗಿದಳು. ಬೈದು ನೋಡಿದೆ. ಬೈಗುಳದಿಂದ ಹೊಟ್ಟೆ ತುಂಬುವ ಹಾಗಿದ್ದರೆ ನಮ್ಮ ಮನೆಯಲ್ಲಿ ಯಾರೂ ಉಣ್ಣಬೇಕಿರಲಿಲ್ಲ.

ಕೊನೆಗೆ ಗಿರಿಜೆಯನ್ನು ಹಿತ್ತಿಲಿಗೆ ಕರೆದು, ಆ ಜೀವಗಳು ಇನ್ನೆಲ್ಲಿ ಇರುತ್ತವೆ ಎಂದು ಕೇಳಿದೆ. ನಮ್ಮ ಹೊಟ್ಟೆಯೊಳಗೂ ಇವೆ, ನಾವು ತಿಂದದ್ದರಲ್ಲೇ ಬದುಕುತ್ತವೆ ಎಂದಳು. ಅಷ್ಟು ಸಾಕಿತ್ತು. ಒಳಗೆ ಬಂದು, "ಅಕ್ಕ, ನಿನ್ನೊಟ್ಟೇಲಿ ಅವುಗಳ್ದು ಒಂದೂರೇ ಅದಂತೆ. ನೀ ಉಪಾಸ ಬಿದ್ರೆ ಅವೂ ಉಪಾಸ ಸಾಯ್ತವೆ. ಆ ಪಾಪ ಯಾರ್ ಹೊರ್ತಾರೆ?" ಅಂದೆ.

ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. "ಅವಕ್ಕೇನು ಸೇರ್ತದಂತೆ?"

"ಮೊಸರನ್ನ."

"ಅಂಗಾರೆ ಕಲ್ಸು. ನಂಗೋಸ್ಕರ ಅಲ್ಲ."

ಅಕ್ಕ ಚೇತರಿಸಿಕೊಂಡಳು. ಆದರೆ ಈಗ ಸಂಜೆಯಾದರೆ ನನ್ನ ಹೆಗಲ ಕಂಬಳಿ ಎಳೆದು ಕುಡಿಕೆಗೆ ಸುತ್ತುತ್ತಾಳೆ. "ನಂಗೂ ಜೀವ ಅದೆ ಕಣಕ್ಕ" ಅಂದರೆ, "ನೀ ಬಾಯ್ ಬುಟ್ಟು ಕೇಳ್ತೀಯ. ಅವು ಕೇಳ್ತವಾ?" ಅನ್ನುತ್ತಾಳೆ. ನಡುಗುತ್ತ ಮಲಗಿ, ಈ ಮೊಸರಿನ ವಂಶಕ್ಕೆಲ್ಲ ಶಾಪ ಹಾಕುತ್ತೇನೆ. ಇವತ್ತು ಬೆಳಿಗ್ಗೆ ಎದ್ದವಳೇ ಕಂಬಳಿ ಕಿತ್ತುಕೊಳ್ಳಲು ಹೋದೆ. ಮುಚ್ಚಳ ತೆಗೆದರೆ ಮೊಸರು ನಡುವೆ ಇನ್ನೂ ಸ್ವಲ್ಪ ತೆಳುವಾಗಿತ್ತು. ಸುತ್ತಮುತ್ತ ನೋಡಿದೆ, ಅಕ್ಕ ಎದ್ದಿರಲಿಲ್ಲ. ಮುಚ್ಚಳ ಮುಚ್ಚಿ, ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ, "ಇನ್ನೊಂದ್ ಗಳಿಗೆ ಮನೀಕಳ್ರಪ್ಪ" ಅಂದುಬಿಟ್ಟೆ.